ರುಬ್ಬಿದರೆ ಕೈಗಾರಿಕೆ

ಬೆಂಗಳೂರಿನ ಒಂದು ಕಚೇರಿ. ಮೇಜಿನ ಮೇಲೆ ನಗರದ ನಕ್ಷೆ: ಹಳದಿ ಎಂದರೆ ವಾಸ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ.

“ಸ್ವಾಮಿ, ಮನೆ ಮುಂದಿನ ಕೋಣೇಲಿ ದೋಸೆ ಹಿಟ್ಟು ಮಾರಬೇಕು.”

“ರುಬ್ಬೋದೂ ಅಲ್ಲೇನಾ, ಅಮ್ಮ?”

“ಮತ್ತೆಲ್ಲಿ?”

“ರುಬ್ಬಿದ್ರೆ ಕೈಗಾರಿಕೆ, ಮಾರಿದ್ರೆ ವಾಣಿಜ್ಯ. ನೀವೇ ತಿಂದ್ರೆ ಮಾತ್ರ ವಾಸ.”

“ಎದುರುಮನೇಲಿ ನಲವತ್ತು ಹಾಸಿಗೆ ಪಿ.ಜಿ. ಇದೆಯಲ್ಲ?”

“ಮಲಗೋದು ತಾನೇ? ವಾಸ.”

ಗುಮಾಸ್ತರು ನೋಡುತ್ತಿದ್ದುದು 2007ರಲ್ಲಿ ಜಾರಿಗೆ ಬಂದ ‘ಪರಿಷ್ಕೃತ ಮಹಾಯೋಜನೆ 2015’. 2031ರ ಮಹಾಯೋಜನೆಯ ಕರಡು 2017ರಲ್ಲಿ ಹೊರಬಂತು. 2020ರಲ್ಲಿ ಸರ್ಕಾರವೇ ಹಿಂತೆಗೆದುಕೊಂಡಿತು. ಹಾಗಾಗಿ ಅವಧಿ ಮುಗಿದ ಯೋಜನೆಯದೇ ಆಳ್ವಿಕೆ. ನಿಂತಲ್ಲೇ ನಿಲ್ಲುವುದು ಈ ಊರಿನ ಟ್ರಾಫಿಕ್ ಒಂದೇ ಅಲ್ಲ.

“ಸಣ್ಣ ವ್ಯಾಪಾರದ ಸಿ-1 ಪಟ್ಟಿ ಕೇಳಿ: ಚಿಲ್ಲರೆ ಅಂಗಡಿ, ಹಾಲಿನ ಬೂತ್, ಕ್ಷೌರದಂಗಡಿ, ಎಸ್‌ಟಿಡಿ, ಫ್ಯಾಕ್ಸ್...”

“ಫ್ಯಾಕ್ಸ್ ಈಗ ಯಾರು ಕಳಿಸ್ತಾರೆ?”

“ಕಳಿಸ್ಲಿ ಬಿಡ್ಲಿ, ಪಟ್ಟೀಲಿದೆ. ದೋಸೆ ಹಿಟ್ಟು ಅಂತ ಎಲ್ಲಿದೆ, ತೋರ್ಸಿ.”

“ಹಾಲಿನ ಪಕ್ಕದಲ್ಲಿಟ್ಟು ಮಾರಿದ್ರೆ?”

“ರಸ್ತೆ ಎಷ್ಟಡಿ ಅಗಲ?”

“ಎಷ್ಟೋ! ಪಿ.ಜಿ. ಬೈಕುಗಳು ನಿಂತ್ಮೇಲೆ ಆರಡಿ ಉಳಿಯತ್ತೆ.”

“ಅರ್ಜಿ ಕೊಟ್ಟು ಹೋಗಿ, ನೋಡೋಣ.”

“ಫ್ಯಾಕ್ಸ್ ಮಾಡ್ಲಾ?”

“ನಮ್ಮಲ್ಲಿ ಮಿಷನ್ ಇಲ್ಲಮ್ಮ.”