ಕೃತಜ್ಞತೆಯ ತೂಕ ಮತ್ತು ವಿಳಂಬ: ನಾಲ್ಕು ತಾಲೂಕುಗಳ ಗ್ರೀಟಿಂಗ್ ಕಾರ್ಡ್ ಕುರಿತು ಒಂದು ಶಾಸ್ತ್ರೀಯ ಜಿಜ್ಞಾಸೆ

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳ ಚರಿತ್ರೆ ಬರೆದವರು ಕೋಟೆ, ಕೆರೆ, ಬಸದಿ, ವೀರಗಲ್ಲು ಯಾವುದನ್ನೂ ಬಿಟ್ಟಿಲ್ಲ. ಅವರ ಕಣ್ಣಿಗೆ ಬೀಳದೆ ಉಳಿದದ್ದು ಒಂದೇ. ಸೆಪ್ಟೆಂಬರ್ 4ರ ರಾತ್ರಿ ಡ್ರಾಯಿಂಗ್ ಹಾಳೆ, ಸ್ಕೆಚ್ ಪೆನ್ನು, ಚಮಕಿ ಮತ್ತು ಡಿಂಕದಿಂದ ಮನೆಮನೆಯಲ್ಲಿ ತಯಾರಾಗಿ, ಮರುದಿನ ಶಿಕ್ಷಕರ ದಿನದಂದು ಅಕ್ಕೋರ ಮೇಜಿನ ಮೇಲೆ ರಾಶಿ ಬೀಳುವ ದಾಖಲೆಗಳು ಅವು. ಶಾಸನತಜ್ಞರು ಇವುಗಳ ಪಡಿಯಚ್ಚು ತೆಗೆಯುವುದಿಲ್ಲ; ತೆಗೆಯಲು ಹೋದರೆ ಚಮಕಿ ಉದುರುತ್ತದೆ ಎಂಬ ತಾಂತ್ರಿಕ ತೊಡಕೂ ಇದೆ. ವಿದ್ವತ್ ಲೋಕ ಇದನ್ನು ಮಕ್ಕಳಾಟವೆಂದು ಬಗೆದು ಪಕ್ಕಕ್ಕಿಟ್ಟಿದೆ. ಈ ಪ್ರಬಂಧದ ಪ್ರತಿಜ್ಞೆ ಬೇರೆ: ಕೈಯಿಂದ ಮಾಡಿದ ಗ್ರೀಟಿಂಗ್ ಕಾರ್ಡು ನಮ್ಮ ದಾನಶಾಸನ ಪರಂಪರೆಯ ನೇರ ವಾರಸುದಾರ. ಅಷ್ಟೇ ಅಲ್ಲ, ಆ ಪರಂಪರೆ ಸಾವಿರದೈನೂರು ವರ್ಷಗಳಿಂದ ಮಾಡಿಕೊಂಡು ಬಂದ ಒಂದು ದೊಡ್ಡ ತಪ್ಪನ್ನು ತಿದ್ದಿದ ಏಕೈಕ ಪ್ರಕಾರವೂ ಇದೇ.

ಮೊದಲು ಪರಂಪರೆಯ ಮಾತು. ಕನ್ನಡದ ಅತ್ಯಂತ ಹಳೆಯ ಬರಹಗಳಲ್ಲಿ ಒಂದಾದ ಹಲ್ಮಿಡಿ ಶಾಸನವು, ಸುಮಾರು ಕ್ರಿ.ಶ. 450ರದೆಂದು ಎಣಿಸಲಾಗುವ ಆ ಕಲ್ಲು, ಏನು ಹೇಳುತ್ತದೆ? ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಹಲ್ಮಿಡಿ ಮತ್ತು ಮೂಳಿವಳ್ಳಿಗಳನ್ನು ಬಾಳ್ಗಳ್ಚಾಗಿ, ಅಂದರೆ ಕತ್ತಿ ತೊಳೆದ ಗೌರವಕ್ಕೆ, ಕೊಡಲಾಯಿತು ಎನ್ನುತ್ತದೆ. ಆಡಂಬರದ ಸಂಸ್ಕೃತ ವಿಶೇಷಣಗಳನ್ನು ಕಳೆದರೆ ಉಳಿಯುವುದು ಒಂದು ಥ್ಯಾಂಕ್ಯೂ ಕಾರ್ಡು. ಕನ್ನಡವು ಲೆಕ್ಕ ಬರೆಯಲೆಂದೋ ಪ್ರೇಮಪತ್ರಕ್ಕೆಂದೋ ಕಲ್ಲು ಹತ್ತಿದ್ದರೆ ಅದರ ಸಾಕ್ಷ್ಯ ಇನ್ನೂ ನೆಲದಡಿ ಇರಬೇಕು, ಸಿಕ್ಕಿರುವುದಂತೂ ಕೃತಜ್ಞತೆಯೇ. ನಮ್ಮ ಸೀಮೆಯೂ ಹಿಂದೆ ಬಿದ್ದಿಲ್ಲ. ಸುಗಂಧವರ್ತಿಯೆಂದು ಕರೆಯುತ್ತಿದ್ದ ಇಂದಿನ ಸವದತ್ತಿಯಲ್ಲಿ ರಟ್ಟರ ಶಾಂತಿವರ್ಮ ಕ್ರಿ.ಶ. 980ರಲ್ಲಿ ಬಸದಿಗೆ 150 ಮತ್ತರು ಭೂಮಿ ಬಿಟ್ಟು ಅದನ್ನು ಕಲ್ಲಿಗೇರಿಸಿದ. ಇಂಥ ಶಾಸನಗಳ ಕೊನೆಗೆ ಸಾಮಾನ್ಯವಾಗಿ ಬರುವ ಶಾಪಭಾಗವನ್ನು ಓದುಗರು ಬಲ್ಲರು: ದತ್ತಿ ಕಸಿದವನು 60 ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುತ್ತಾನೆ. ಧನ್ಯವಾದ ಹೇಳುವ ಸಂಭ್ರಮದಲ್ಲೂ ಹೊಲದ ಬದುವಿನ ಜಗಳವನ್ನು ಮರೆಯದ ಈ ಗುಣ ಕರ್ನಾಟಕದ ಎಲ್ಲ ತಾಲೂಕುಗಳಿಗೂ ಸಮಾನ.

ಈಗ ದೊಡ್ಡ ತಪ್ಪಿನ ಮಾತು. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲನ್ನು ನೋಡಿ. ಕ್ರಿ.ಶ. 949ರ ಸುಮಾರಿನ ತಕ್ಕೋಲದ ಯುದ್ಧದಲ್ಲಿ ಕಾದಿದ ಮಣಲೆರನಿಗೆ ರಾಷ್ಟ್ರಕೂಟ ಕೃಷ್ಣನು ಮೆಚ್ಚಿ, ಬೇಕಾದ್ದು ಕೇಳೆಂದ. ಆತ ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಮುಂದೆ ಆ ನಾಯಿ ಹಂದಿಯೊಂದಿಗೆ ಹೋರಾಡಿ, ಹಂದಿಯೂ ಸತ್ತು ತಾನೂ ಸತ್ತಿತು. ಆಮೇಲೆ ನಾಯಿಗೆ ಕಲ್ಲು ನಿಂತಿತು, ಪೂಜೆಗೆ ಭೂಮಿ ಬಂತು, ಪೂಜೆ ಮಾಡದೆ ಉಂಡ ಗೊರವನಿಗೆ ಪಾಪದ ಎಚ್ಚರಿಕೆಯೂ ಸಂದಿತು. ಬದುಕಿದ್ದ ಮಣಲೆರನಿಗೆ ಬಾಲ ಆಡಿಸುವ ಬಹುಮಾನ ಅಲ್ಲೇ ಸಿಕ್ಕರೆ, ಸತ್ತ ಕಾಳಿಗೆ ದೊರೆತದ್ದು ಓದಲಾಗದ ಬಂಡೆ. ಇದರಿಂದ ಪ್ರಬಂಧದ ಮೊದಲ ಸೂತ್ರ ಹೊರಡುತ್ತದೆ: ಕೃತಜ್ಞತೆಯ ತೂಕವು ಅದರ ವಿಳಂಬಕ್ಕೆ ನೇರ ಅನುಪಾತದಲ್ಲಿರುತ್ತದೆ. ತಡವಾದಷ್ಟೂ ಭಾರ. ಕಿತ್ತೂರಿನ ಸಾಕ್ಷ್ಯ ಇದನ್ನು ಗಟ್ಟಿಗೊಳಿಸುತ್ತದೆ. 1824ರ ಅಕ್ಟೋಬರ್ 23ರಂದು ಕಂಪನಿಯ ಪಡೆಯನ್ನು ಸೋಲಿಸಿದ ಚೆನ್ನಮ್ಮರಾಣಿ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡಳು. ಅವಳ ಚಿತ್ರದ ಅಂಚೆಚೀಟಿ ಬಂದದ್ದು 1977ರಲ್ಲಿ, ಅಂದರೆ 148 ವರ್ಷದ ನಂತರ. ಸಂಸತ್ತಿನ ಆವರಣದಲ್ಲಿ ಪ್ರತಿಮೆ ನಿಂತದ್ದು 2007ರಲ್ಲಿ, 178 ವರ್ಷದ ನಂತರ. ಅಂಚೆಚೀಟಿ ಹಗುರವಲ್ಲವೇ, ಸೂತ್ರ ಮುರಿಯಿತಲ್ಲ ಎನ್ನುವವರು ಲಕ್ಷಗಟ್ಟಲೆ ಅಚ್ಚಾದ ಚೀಟಿಗಳನ್ನು ಒಟ್ಟಿಗೆ ತಕ್ಕಡಿಗೆ ಹಾಕಿ ನೋಡಬೇಕು. ಸಂಗೊಳ್ಳಿ ರಾಯಣ್ಣನ ಕಥೆ ಇನ್ನೂ ಸ್ಪಷ್ಟ. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಆತನ ಹೆಸರು ಇಂದು ಬೆಂಗಳೂರಿನ ಇಡೀ ರೈಲು ನಿಲ್ದಾಣದ ತೂಕದ್ದು. ಆದರೆ ಅವನನ್ನು ಮೋಸದಿಂದ ಹಿಡಿದುಕೊಟ್ಟವರಿಗೆ ಕಂಪನಿ ಸರಕಾರ ಇನಾಮು ಕೊಡಲು ತಡಮಾಡಲಿಲ್ಲ. ಚಾಡಿಕೋರರಿಗೆ ಧನ್ಯವಾದ ಕೂಡಲೇ ಮುಟ್ಟುತ್ತದೆ, ಧೀರರಿಗೆ ಶತಮಾನ ಹಿಡಿಯುತ್ತದೆ. ಈ ನಾಲ್ಕು ತಾಲೂಕುಗಳ ಚರಿತ್ರೆಯಿಂದ ಕಲಿಯಬೇಕಾದ ಪಾಠ ಇದೊಂದೇ ಆದರೂ ಸಾಕು.

ಈ ಹಿನ್ನೆಲೆಯಲ್ಲಿ ಗ್ರೀಟಿಂಗ್ ಕಾರ್ಡನ್ನು ತಕ್ಕಡಿಗೆ ಇಡೋಣ. ಚದರ ಮೀಟರಿಗೆ 140 ಗ್ರಾಂ ತೂಗುವ ಡ್ರಾಯಿಂಗ್ ಹಾಳೆಯನ್ನು ಎ4 ಅಳತೆಗೆ ಕತ್ತರಿಸಿ, ಅದರಲ್ಲೂ ಅರ್ಧ ಬಳಸಿದರೆ ಕಾರ್ಡಿನ ತೂಕ ನಾಲ್ಕು ಗ್ರಾಂಗೆ ತುಸು ಹೆಚ್ಚು. ಚಮಕಿ, ಡಿಂಕ ಸೇರಿ ಐದು ಗ್ರಾಂ ಎನ್ನೋಣ. ಸೂತ್ರದ ಪ್ರಕಾರ ಐದು ಗ್ರಾಂ ಕೃತಜ್ಞತೆಯ ವಿಳಂಬ ಹೆಚ್ಚೆಂದರೆ ಒಂದು ರಾತ್ರಿ. ತೂಕ ಇಳಿದರೂ ಶಾಸನದ ಲಕ್ಷಣಗಳಲ್ಲಿ ಒಂದರ ಹೊರತು ಯಾವುದೂ ಕಳೆದುಹೋಗಿಲ್ಲ ಎಂಬುದು ಗಮನಾರ್ಹ. ಮೇಲೆ ಶ್ರೀಕಾರವಿದೆ. ನಡುವೆ ಪ್ರಶಸ್ತಿ ಭಾಗವಿದೆ: ಗಣಿತದ ಅಕ್ಕೋರು ವಿದ್ಯೆಯ ಸಾಗರ, ಜ್ಞಾನದ ದೀಪ, ತಾಯಿಗೆ ಸಮಾನ; ಯಾವ ಮಹಾಮಂಡಲೇಶ್ವರನ ಬಿರುದಾವಳಿಗೂ ಇದು ಕಡಿಮೆಯಿಲ್ಲ. ಕೆಳಗೆ ಕಾಲ ನಿರ್ದೇಶವಿದೆ. ಅದರ ಕೆಳಗೆ ಕೆತ್ತಿದ ರೂವಾರಿಯ ಹೆಸರು, ತರಗತಿ ಮತ್ತು ವಿಭಾಗ ಸಮೇತ. ಬಲತುದಿಯಲ್ಲಿ ಜಾಗ ಸಾಲದೆ ಕೊನೆಯ ಅಕ್ಷರಗಳು ಒಂದರ ಮೇಲೊಂದು ಹತ್ತಿ ಕೂತಿರುವುದು, ‘ಶುಭಾಶಯ’ದಲ್ಲಿ ಷಕಾರ ನುಗ್ಗಿರುವುದು, ಎರಡೂ ಕಲ್ಲುಕುಟಿಗರ ಕಾಲದಿಂದ ಬಂದ ಸಂಪ್ರದಾಯ. ಬಿಟ್ಟುಹೋಗಿರುವುದು ಶಾಪಭಾಗ ಮಾತ್ರ, ಏಕೆಂದರೆ ಕಾರ್ಡನ್ನು ಕಸಿಯಲು ಯಾರ ಮೊಮ್ಮಗನೂ ಕೋರ್ಟಿಗೆ ಹೋಗುವುದಿಲ್ಲ. ನಾಗರಿಕತೆಯ ಪ್ರಗತಿ ಎಂದರೆ ಇದೇ.

ಮುಖಪುಟದ ಶಿಲ್ಪವನ್ನೂ ಪರಿಶೀಲಿಸಬೇಕು. ಎರಡು ಗುಡ್ಡ, ನಡುವೆ ಹುಟ್ಟುವ ಸೂರ್ಯ, ಗುಡ್ಡದ ಸಂದಿಯಿಂದ ಇಳಿದು ಬರುವ ಹೊಳೆ, ಪಕ್ಕದಲ್ಲೊಂದು ಗುಡಿಸಲು, ಆಕಾಶದಲ್ಲಿ ಮೂರರ ಅಂಕಿಯನ್ನು ಅಡ್ಡ ಮಲಗಿಸಿದಂಥ ಹಕ್ಕಿಗಳು. ಬೈಲಹೊಂಗಲದ ಎರೆಹೊಲದ ಹುಡುಗ ಹತ್ತಿ, ಜೋಳ, ಕಡಲೆ ನೋಡಿ ಬೆಳೆದವನು. ಅವನಿಗೆ ಈ ಗುಡ್ಡಗಳು ಎಲ್ಲಿಂದ ಬಂದವು? ಡ್ರಾಯಿಂಗ್ ಪುಸ್ತಕದಿಂದ ಎಂಬುದು ಅವಸರದ ಉತ್ತರ. ಮಲಪ್ರಭೆ ಸವದತ್ತಿಯ ಗುಡ್ಡಸಾಲನ್ನು ಸೀಳಿ ಹರಿಯುವ ನವಿಲುತೀರ್ಥವನ್ನು ನೋಡಿದವರಿಗೆ ಮೂಲ ಮಾದರಿ ತಾನಾಗಿ ಹೊಳೆಯುತ್ತದೆ. ಅಲ್ಲಿ 1970ರ ದಶಕದಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು ಯಾವ ಕಾರ್ಡಿನಲ್ಲೂ ಕಾಣದಿರುವುದರಿಂದ, ಈ ಚಿತ್ರಶೈಲಿ ಅಣೆಕಟ್ಟಿಗಿಂತ ಹಳೆಯದೆಂದು ನಿಶ್ಶಂಕೆಯಿಂದ ನಿರ್ಣಯಿಸಬಹುದು. ಇದೇ ಚಿತ್ರವನ್ನು ರಾಯಚೂರಿನ ಮಕ್ಕಳೂ ರಾಜಸ್ಥಾನದ ಮಕ್ಕಳೂ ಬರೆಯುತ್ತಾರಲ್ಲ ಎಂಬ ಆಕ್ಷೇಪವು ಸವದತ್ತಿಯ ಪ್ರಭಾವ ಎಷ್ಟು ದೂರ ಹಬ್ಬಿತ್ತೆಂಬುದಕ್ಕೆ ಹೆಚ್ಚುವರಿ ಪುರಾವೆ. ಸೂರ್ಯ ಆ ಸಂದಿಯಲ್ಲೇ ಹುಟ್ಟುತ್ತಾನೋ ಎಂಬುದನ್ನು ಭೂಗೋಳದ ಸರ್‌ಗೆ ಬಿಡೋಣ.

ಪೂರ್ವಪಕ್ಷಗಳಿಗೆ ಬರೋಣ. ಗ್ರೀಟಿಂಗ್ ಕಾರ್ಡು ಪರದೇಶದ ಚಾಳಿ, ನಮಗೇಕೆ ಎಂಬುದು ಮೊದಲನೆಯದು. ದಾಖಲೆ ಹೇಳುವುದು ಇಷ್ಟು: 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬಾತ, ಕ್ರಿಸ್‌ಮಸ್ಸಿಗೆ ಎಲ್ಲರಿಗೂ ಕೈಬರಹದ ಪತ್ರ ಬರೆಯಲು ಪುರುಸೊತ್ತಿಲ್ಲದೆ, ಹಾರ್ಸ್ಲಿ ಎಂಬ ಚಿತ್ರಕಾರನಿಂದ ಚಿತ್ರ ಬರೆಸಿ ಸುಮಾರು ಒಂದು ಸಾವಿರ ಪ್ರತಿ ಅಚ್ಚು ಹಾಕಿಸಿದ. ಉಳಿದವು ಒಂದು ಶಿಲ್ಲಿಂಗಿಗೊಂದರಂತೆ ಮಾರಾಟಕ್ಕೆ ಬಂದವು. ಚಿತ್ರದಲ್ಲಿ ಮಗುವೂ ವೈನ್ ಹೀರುತ್ತಿದೆಯೆಂದು ಪಾನನಿರೋಧದವರು ಕೂಗಾಡಿದರು. ಅಂದರೆ ಪರದೇಶದಿಂದ ಬಂದದ್ದು ಅಚ್ಚಿನ ಕಾರ್ಡು, ಅದೂ ಪುರುಸೊತ್ತಿಲ್ಲದವನ ಉಪಾಯವಾಗಿ. ಕೈಯಿಂದ ಮಾಡಿದ ಶುಭಾಶಯ ನಮ್ಮಲ್ಲಿ ಮೊದಲೇ ಇತ್ತು. ವಿಜಯದಶಮಿಯ ಸಂಜೆ ಕಿತ್ತೂರಿನಿಂದ ರಾಮದುರ್ಗದವರೆಗೆ ಚಿಕ್ಕವರು ಬನ್ನಿ ಎಲೆ ಕೊಟ್ಟು ಹಿರಿಯರ ಕಾಲು ಮುಟ್ಟಿ ‘ಬನ್ನಿ ತಗೊಂಡು ಬಂಗಾರದಂಗ ಇರೋಣರೀ’ ಎನ್ನುತ್ತಾರೆ. ಒಂದೆಲೆಯ ಈ ಕಾರ್ಡಿಗೆ ಮುದ್ರಣವೆಚ್ಚವಿಲ್ಲ, ಕಾಗುಣಿತ ತಪ್ಪೂ ಇಲ್ಲ. ಸಂಕ್ರಮಣದ ಕುಸುರೆಳ್ಳು ಇನ್ನೂ ಉನ್ನತ ಮಟ್ಟದ್ದು: ಸಣ್ಣ ಉರಿಯ ಮೇಲೆ ಎಳ್ಳಿಗೆ ಸಕ್ಕರೆ ಪಾಕವನ್ನು ಹನಿಹನಿಯಾಗಿ ಬಿಡುತ್ತ, ಕೈಯಾಡಿಸುತ್ತ, ಗಂಟೆಗಟ್ಟಲೆ ಕೂತರೆ ಮುಳ್ಳೇಳುತ್ತವೆ. ಹಂಚುವಾಗ ‘ಎಳ್ಳುಬೆಲ್ಲ ತಗೊಂಡು ಒಳ್ಳೆಯವರಾಗಿ ಇರೋಣ’ ಎಂಬ ಒಕ್ಕಣೆ. ಶುಭಾಶಯವನ್ನು ತಿಂದು ಮುಗಿಸುವ ಸೌಲಭ್ಯವನ್ನು ಹೆನ್ರಿ ಕೋಲ್ ಕನಸಲ್ಲೂ ಎಣಿಸಿರಲಿಲ್ಲ.

ಎರಡನೆಯ ಪೂರ್ವಪಕ್ಷ ಹೆಚ್ಚು ಅಪಾಯಕಾರಿ, ಏಕೆಂದರೆ ಅದು ನಮ್ಮ ಸೂತ್ರವನ್ನೇ ಹಿಡಿದು ನಮ್ಮನ್ನು ಹೊಡೆಯುತ್ತದೆ. ವಾಟ್ಸಾಪಿನಲ್ಲಿ ಬರುವ ಗುಲಾಬಿ ಹೂವಿನ ಶುಭಾಶಯಕ್ಕೆ ತೂಕ ಸೊನ್ನೆ, ವಿಳಂಬವೂ ಸೊನ್ನೆ. ಹಾಗಾದರೆ ಅದೇ ಪರಿಪೂರ್ಣ ಕೃತಜ್ಞತೆಯಲ್ಲವೇ? ಇಲ್ಲಿ ಎರಡನೆಯ ಸೂತ್ರ ಬೇಕಾಗುತ್ತದೆ: ಕೃತಜ್ಞತೆ ಸಲ್ಲಿಸುವಷ್ಟು ಹೊತ್ತು ಸಲ್ಲಿಸುವವರ ಬೇರೊಂದು ಕೆಲಸ ನಿಂತಿರಬೇಕು. ಶಾಂತಿವರ್ಮನ 150 ಮತ್ತರಿನ ಕಂದಾಯ ನಿಂತಿತು. ಕುಸುರೆಳ್ಳು ಮಾಡುವವರ ಮಿಕ್ಕ ಅಡುಗೆ ನಿಂತಿತು. ಕಾರ್ಡು ಮಾಡುವ ಹುಡುಗಿಯ ಹೋಮ್‌ವರ್ಕ್ ನಿಂತಿತು. ಅದೇ ಅಕ್ಕೋರು ಕೊಟ್ಟ ಹೋಮ್‌ವರ್ಕ್ ಎಂಬುದು ತ್ಯಾಗದ ಮಹತ್ವವನ್ನು ಹೆಚ್ಚಿಸುತ್ತದೆ. ಗುಲಾಬಿ ಹೂವನ್ನು ದಾಟಿಸಿದವರ ಯಾವ ಕೆಲಸವೂ ನಿಂತಿಲ್ಲ, ರೊಟ್ಟಿ ಮುರಿಯುತ್ತಿದ್ದ ಕೈ ಕೂಡ. ಅದರ ಮೇಲಿರುವ ಏಕೈಕ ಶಾಸನಪಾಠ ‘ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ’ ಎಂಬುದು. ರೂವಾರಿಯ ಹೆಸರಿಲ್ಲದ, ದಾನಪಾತ್ರನ ಹೆಸರೂ ಇಲ್ಲದ ದಾನಶಾಸನವನ್ನು ಯಾವ ವಿದ್ವಾಂಸನೂ ಅಧಿಕೃತವೆಂದು ಒಪ್ಪುವುದಿಲ್ಲ.

ನಮ್ಮಲ್ಲಿ ಸನ್ಮಾನವಿದೆ, ಫ್ಲೆಕ್ಸ್ ಇದೆ, ಇನ್ನು ಕಾರ್ಡು ಏತಕ್ಕೆ ಎಂಬುದು ಮೂರನೆಯದು. ಸನ್ಮಾನದ ಶಾಲು ಒಂದು ಹೆಗಲಿನಿಂದ ಟ್ರಂಕಿಗೆ, ಟ್ರಂಕಿನಿಂದ ಇನ್ನೊಂದು ಸಮಾರಂಭದ ಇನ್ನೊಂದು ಹೆಗಲಿಗೆ ಸಂಚರಿಸುವುದನ್ನು ಎಲ್ಲರೂ ಬಲ್ಲರು. ಫ್ಲೆಕ್ಸಿನ ವಿಷಯದಲ್ಲಿ ಕ್ಷೇತ್ರಗಣಿತವನ್ನು ಬಳಸಬೇಕು: ಅಭಿನಂದನೆಗೆ ಪಾತ್ರರಾದವರ ಮುಖಕ್ಕಿಂತ ಶುಭ ಕೋರುವವರ ಮುಖಗಳ ಒಟ್ಟು ವಿಸ್ತೀರ್ಣ ಹೆಚ್ಚಾದಾಗ, ಆ ದಾಖಲೆ ಯಾರು ಯಾರಿಗೆ ಬರೆದದ್ದೆಂಬುದು ಅನಿಶ್ಚಿತವಾಗುತ್ತದೆ. ಕಾರ್ಡಿನಲ್ಲಿ ಈ ಗೊಂದಲವಿಲ್ಲ. ಬರೆದವರ ಹೆಸರು ಕೆಳಗೆ ಮೂಲೆಯಲ್ಲಿರುತ್ತದೆ, ಅಳಿಸಿ ಮತ್ತೆ ಬರೆದಂತೆ.

ನಾಲ್ಕನೆಯದು ಮನೆಯೊಳಗಿನ ಆಕ್ಷೇಪ: ‘ನಮ್ಮವರಿಗೆ ನಾವ್ಯಾಕ ಥ್ಯಾಂಕ್ಸ್ ಹೇಳೂದು, ನಾಚಿಗಿ ಬರೂದಿಲ್ಲೇನು?’ ಇದಕ್ಕೆ ಉತ್ತರ ಗಂಭೀರವಾಗಿಯೇ ಇರಬೇಕು. ಮಾತಿನಲ್ಲಿ ನಾಚಿಕೆ ಬರುವುದರಿಂದಲೇ ಕಾಗದ ಬೇಕು. ಅಚ್ಚಿನ ಅಂಗಡಿಯಲ್ಲಿ ಹುಟ್ಟುಹಬ್ಬಕ್ಕೆ, ಮದುವೆಗೆ, ಹೊಸ ವರ್ಷಕ್ಕೆ ಕಾರ್ಡು ಸಿಗುತ್ತದೆ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಬಿದ್ದು ಮತ್ತೆ ಕೂರುವ ತಮ್ಮನಿಗೆ, ಕೊರೆಸಿದ ಬೋರ್‌ವೆಲ್ ಒಣಗಿದ ಕಾಕಾನಿಗೆ, ಹತ್ತಿಗೆ ದರ ಬೀಳುವುದನ್ನು ನೋಡುತ್ತ ಪೇಟೆಯಲ್ಲಿ ಕೂತ ಅಣ್ಣಾವರಿಗೆ, ಬಿಸಿಯೂಟ ಬೇಯಿಸುವ ಅವ್ವಂದಿರಿಗೆ ಯಾರೂ ಕಾರ್ಡು ಅಚ್ಚು ಹಾಕುವುದಿಲ್ಲ, ಹಾಕಿದರೆ ಖರ್ಚಾಗುವುದಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗಕ್ಕೆ ನುಗ್ಗಿದಾಗ ರೊಟ್ಟಿ, ಚಟ್ನಿಪುಡಿ ಕಟ್ಟಿ ಕಳಿಸಿದ ಕೈಗಳಿಗೆ ಎಂಬ ಒಕ್ಕಣೆಯನ್ನು ಯಾವ ಕಂಪನಿ ಮುಂಚಿತವಾಗಿ ಊಹಿಸೀತು? ಹೊಗಳಿಕೆಗೆ ಮಾರುಕಟ್ಟೆಯುಂಟು, ಧೈರ್ಯ ಹೇಳುವುದಕ್ಕೆ ಇಲ್ಲ. ಮಾರುಕಟ್ಟೆ ಇಲ್ಲದ ಸರಕು ಕೈಯಿಂದಲೇ ಆಗಬೇಕು. ಕಾಗದ ಕೊಟ್ಟರೆ ಹೊಟ್ಟೆ ತುಂಬೀತೇ ಎಂಬ ಉಪಾಕ್ಷೇಪಕ್ಕೆ ಸವದತ್ತಿ ತಾಲೂಕಿನಲ್ಲೇ ಉತ್ತರವಿದೆ. ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಆಸ್ತಿಯನ್ನೆಲ್ಲ ತಾವೆಂದೂ ಕಾಣದ ಮಕ್ಕಳ ಓದಿಗೆ ಬರೆದಿಟ್ಟರು. ಸಂಸ್ಥಾನ ಇದ್ದವರು ಹಾಗೆಯೇ ಮಾಡಲಿ. ಇಲ್ಲದವರ ಬಳಿ ಅರ್ಧ ಡ್ರಾಯಿಂಗ್ ಹಾಳೆ ಇದೆ.

ಆದ್ದರಿಂದ ನಿರ್ಣಯ ಹೀಗೆ. ಕಾರ್ಡಿಗೆ ಬೇಕಾದ ಸಾಮಗ್ರಿಯಲ್ಲಿ ಈ ಸೀಮೆ ಸ್ವಾವಲಂಬಿ: ಬೈಲಹೊಂಗಲದಲ್ಲಿ ಹತ್ತಿ, ರಾಮದುರ್ಗ, ಸುರೇಬಾನದ ಮಗ್ಗಗಳಲ್ಲಿ ತುಂಡು ನೂಲು, ಸವದತ್ತಿಯಲ್ಲಿ ಚಿತ್ರಕ್ಕೆ ಗುಡ್ಡ ಮತ್ತು ಹೊಳೆ, ಕಿತ್ತೂರಿನಲ್ಲಿ ತಡಮಾಡಿದರೆ ಏನಾಗುತ್ತದೆಂಬ ಎಚ್ಚರಿಕೆ. ಮನೆಯಲ್ಲಿ ರದ್ದಿಯಾದ ಲಗ್ನಪತ್ರಿಕೆಗಳ ಹಿಂಬದಿಯೂ ಖಾಲಿಯೇ ಇದೆ. ಓದುಗರು ಪ್ರತಿಮೆಗೆ ಚಂದಾ ಕೊಡುವ ಮೊದಲು, ಉಸಿರಾಡುತ್ತಿರುವ ಒಬ್ಬರ ಹೆಸರು ನೆನಪಿಸಿಕೊಂಡು ಈ ವಾರವೇ ಒಂದು ಕಾರ್ಡು ಮಾಡಬೇಕೆಂದು ಪ್ರಬಂಧಕಾರನ ವಿನಂತಿ. ಇಪ್ಪತ್ತು ಗ್ರಾಂವರೆಗಿನ ಲಕೋಟೆಗೆ ಅಂಚೆ ದರ 5 ರೂಪಾಯಿ. ಷಕಾರಕ್ಕೆ ದಂಡವಿಲ್ಲ.