ಹಳದಿ ಹೂ, ದೊಡ್ಡ ಮರ

ನಮ್ಮ ನಂಟರಿಷ್ಟರ ಪೈಕಿ ಸಸ್ಯಶಾಸ್ತ್ರಜ್ಞ ಅಂತ ಇರುವವನು ನಾನೊಬ್ಬನೇ. ಈ ಪಟ್ಟ ಹೇಗೆ ಬಂತು ಅಂದರೆ, ನಮ್ಮ ಮನೆಯ ಕಪಾಟಿನಲ್ಲಿ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಇದೆ. ಅಷ್ಟೇ ಅರ್ಹತೆ. ಶಿಷ್ಯರನ್ನು ಕಟ್ಟಿಕೊಂಡು ಕಾಡು ಅಲೆದ ಮೇಷ್ಟರು ನಗುನಗುತ್ತ ಬರೆದ ಪುಸ್ತಕ ಅದು; 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಪ್ರಶಸ್ತಿ ಬಂದದ್ದು ಸ್ವಾಮಿಯವರಿಗೆ, ಅದರ ತಾಪತ್ರಯ ಬಂದದ್ದು ನನಗೆ. ಸಂಕ್ರಾಂತಿ ಕಳೆದು ಎಳ್ಳುಬೆಲ್ಲದ ಡಬ್ಬಿ ತಳ ಕಾಣುವ ಹೊತ್ತಿಗೆ ನನ್ನ ಫೋನಿಗೆ ಮರಗಳು ಬರಲು ಶುರುವಾಗುತ್ತವೆ.

ಬರುವ ಮರಗಳ ಚಂದವನ್ನು ಏನು ಹೇಳಲಿ! ಓಡುವ ಕಾರಿನ ಕಿಟಕಿಯಿಂದ ತೆಗೆದ ಫೋಟೊ. ಮುಂದೆ ಸೈಡ್ ಮಿರರ್, ಅದರೊಳಗೆ ಫೋಟೊ ತೆಗೆಯುತ್ತಿರುವವರ ಮೊಣಕೈ. ನಡುವೆ ಬಸ್ಸಿನ ಹಿಂಭಾಗ. ಮೇಲೆ ಕರೆಂಟಿನ ತಂತಿ, ಯಾವುದೋ ಮರಿ ಪುಢಾರಿಯ ಹುಟ್ಟುಹಬ್ಬದ ಫ್ಲೆಕ್ಸ್. ಇಷ್ಟೂ ದಾಟಿ ಆಚೆ ನೋಡಿದರೆ, ಹೆಬ್ಬೆಟ್ಟು ಒತ್ತಿದಷ್ಟು ಬಣ್ಣ. ಕೆಳಗೆ ಪ್ರಶ್ನೆ: ‘ಇದು ಯಾವ ಮರ? ಅರ್ಜೆಂಟ್.’

ಹೂ ಬಿಟ್ಟ ಮರದ ವಿಷಯದಲ್ಲಿ ಅರ್ಜೆಂಟ್ ಏನಿರುತ್ತದೋ ನನಗಿನ್ನೂ ತಿಳಿದಿಲ್ಲ. ಈ ಸಲ ಹೀಗೆ ಅವಸರದಲ್ಲಿದ್ದವನು ನನ್ನ ಭಾವಮೈದುನ. ಹಾಸನದ ಕಡೆ ಒಂದು ಮದುವೆಗೆ ಹೊರಟಿದ್ದ. ನೆಲಮಂಗಲ ದಾಟಿ ಕುಣಿಗಲ್ ಇನ್ನೂ ಬಂದಿರಲಿಲ್ಲ, ಫೋಟೊ ಬಂತು. ಅದರ ಹಿಂದೆಯೇ ಫೋನೂ ಬಂತು.

‘ಭಾವ, ಫೋಟೊ ನೋಡಿದ್ರಾ?’

‘ನೋಡಿದೆ. ಧರ್ಮಸ್ಥಳದ ಬಸ್ಸು.’

‘ಬಸ್ಸಲ್ಲ ಭಾವ, ಹಿಂದಿರೋ ಮರ. ಎಂಥಾ ಹಳದಿ ಹೂ ಅಂತೀರಿ!’

‘ಮರ ಹೇಗಿತ್ತು?’

‘ದೊಡ್ಡದು.’

‘ಎಲೆ?’

ಒಂದು ಗಳಿಗೆ ಆ ಕಡೆಯಿಂದ ಎಂಜಿನ್ನಿನ ಸದ್ದು ಮಾತ್ರ ಕೇಳಿಸಿತು. ‘ಇತ್ತು ಅನ್ಸುತ್ತೆ.’

‘ಹೇಗಿತ್ತು?’

‘ಹಸಿರಾಗಿತ್ತು ಭಾವ,’ ಎಂದ, ಕೇಸು ಬಗೆಹರಿಸಿಕೊಟ್ಟವನ ಧಾಟಿಯಲ್ಲಿ.

ಹಳದಿ ಹೂ, ದೊಡ್ಡ ಮರ ಅಂದರೆ ಠಾಣೆಗೆ ಹೋಗಿ ‘ಕಳ್ಳನಿಗೆ ಮೀಸೆ ಇತ್ತು, ಪ್ಯಾಂಟು ಹಾಕಿದ್ದ’ ಎಂದು ದೂರು ಕೊಟ್ಟ ಹಾಗೆ. ನಮ್ಮ ಕಡೆ ಬೇಸಿಗೆಯಲ್ಲಿ ಈ ಚಹರೆಯವರು ಬೇಕಾದಷ್ಟಿದ್ದಾರೆ. ಮರ ಬೋಳಾಗಿ, ಎಲೆಯ ಸುಳಿವೇ ಇಲ್ಲದೆ ಬರೀ ಹಳದಿ ಹೊದ್ದಿದ್ದರೆ, ಊರೊಳಗಾದರೆ ಅದು ಹಳದಿ ಟಬೂಬಿಯಾ: ಕಾಂಡ ಸೊಟ್ಟಸೊಟ್ಟ, ತೊಗಟೆ ದಪ್ಪ, ಸೀಳು ಬಿಟ್ಟದ್ದು. ಅದೇ ಬೋಳು ಮರ ಬಂಡೆಗುಡ್ಡದ ಮೇಲೆ ಕಂಡರೆ ಅರಿಶಿನ ಬೂರುಗ ಇರಬಹುದು. ಅಂಗೈಯಗಲದ ಹೂ, ನಡುವೆ ಎಣಿಸಲಾರದಷ್ಟು ಕೇಸರ. ನಮ್ಮ ನೆಲದ್ದೇ ಮರ. ಎಲೆ ಇದ್ದು ಗೊಂಚಲುಗಳು ಕೆಳಗೆ ಜೋತಾಡುತ್ತಿದ್ದರೆ ಕಕ್ಕೆ. ಮೊಳದುದ್ದದ ಕರೀ ಕೊಳವೆಯಂಥ ಕಾಯಿ ಅದರ ಆಧಾರ್ ಕಾರ್ಡು. ವಿಷು ಹಬ್ಬದ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ನೋಡುವ ಕಣಿಗೆ ಮಲಯಾಳಿಗಳಿಗೆ ಈ ಹೂವೇ ಆಗಬೇಕು. ಗೊಂಚಲು ಜೋತಾಡದೆ ನೆಟ್ಟಗೆ ಮೇಲಕ್ಕೆ ನಿಂತಿದ್ದು, ಜೊತೆಗೆ ತಾಮ್ರದ ಬಣ್ಣದ ಚಪ್ಪಟೆ ಕಾಯಿ ಕಂಡರೆ ಪೆಲ್ಟೊಫೋರಮ್. ಜನ ಕರೆಯೋದು ಹಳದಿ ಗುಲ್‌ಮೊಹರ್ ಅಂತ. ಇವರೆಲ್ಲರ ನಡುವೆ ಟಿಪುವಾನಾ ಎಂಬ ಇನ್ನೊಬ್ಬ ದಕ್ಷಿಣ ಅಮೆರಿಕದವನಿದ್ದಾನೆ. ಅವನ ಕಾಯಿಗೆ ಒಂದೇ ರೆಕ್ಕೆ, ಉದುರುವಾಗ ಗಿರಗಿರ ತಿರುಗುತ್ತ ಇಳಿಯುತ್ತದೆ.

ಈ ಕೊನೆಯ ಹೆಸರನ್ನು ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಬರೆದದ್ದೇ ತಡ, ನಿವೃತ್ತರಾದ ಮೇಲೆ ಇತಿಹಾಸ ಹಿಡಿದಿರುವ ನಮ್ಮ ದೊಡ್ಡಪ್ಪ ಎದ್ದು ಕುಳಿತರು. ‘ಅದು ಟಿಪ್ಪು ಸುಲ್ತಾನ್ ತರಿಸಿದ ಮರ, ಅದಕ್ಕೇ ಆ ಹೆಸರು.’ ಲಾಲ್‌ಬಾಗ್ ಶುರು ಮಾಡಿದ್ದು 1760ರಲ್ಲಿ ಹೈದರಾಲಿ, ಹೊರದೇಶದ ಗಿಡ ತರಿಸಿ ಬೆಳೆಸಿದ್ದು ಟಿಪ್ಪು, ಅಲ್ಲಿಯವರೆಗೆ ದೊಡ್ಡಪ್ಪ ಸರಿ. ಆದರೆ ಈ ಮರಕ್ಕೆ ಹೆಸರು ಬಂದದ್ದು ಬೊಲಿವಿಯಾ ದೇಶದ ಟಿಪುವಾನಿ ಎಂಬ ಕಣಿವೆಯಿಂದ. ಹೆಸರಿನ ಜಾಡು ಹಿಡಿದೇ ಹೊರಟರೆ ತಿಪಟೂರನ್ನೂ ಸುಲ್ತಾನನ ಖಾತೆಗೆ ಬರೆಯಬೇಕಾದೀತು. ಇದನ್ನು ಹೇಳಿದರೆ ಮುಂದಿನ ಶ್ರಾದ್ಧದ ಊಟದಲ್ಲಿ ಪಕ್ಕದಲ್ಲೇ ಕೂರಿಸಿಕೊಂಡು ವಿಚಾರಿಸಿಕೊಳ್ಳುತ್ತಾರೆ ಎಂದು ಸುಮ್ಮನಾದೆ.

ಗುಂಪು ಸುಮ್ಮನಾಗಲಿಲ್ಲ. ಒಬ್ಬರು ‘ಅಶೋಕ’ ಅಂದರು. ಇವರು ಯಾವ ಮರ ತೋರಿಸಿದರೂ ಅಶೋಕ ಅನ್ನುವವರು. ಕಾಂಪೌಂಡಿನ ಪಕ್ಕ ಕಂಬದ ಹಾಗೆ ಸಾಲಾಗಿ ನಿಂತಿರುತ್ತದಲ್ಲ, ಅದನ್ನೂ ಅಶೋಕ ಅಂತಲೇ ಕರೆದು ಅಭ್ಯಾಸ. ಸೀತಮ್ಮ ಕುಳಿತ ಅಶೋಕ ಅದಲ್ಲ, ಅದರ ಕೆಳಗೆ ಕೂರಲು ನೆರಳೇ ಸಾಲದು ಎಂದರೆ ಯಾರೂ ಒಪ್ಪುವುದಿಲ್ಲ. ನಿಜವಾದ ಅಶೋಕ ಗಿಡ್ಡಗೆ, ದಟ್ಟ ನೆರಳಿನಲ್ಲಿ, ಕಿತ್ತಳೆ-ಕೆಂಪು ಗೊಂಚಲು ಹೊತ್ತು ಪಾರ್ಕಿನ ಮೂಲೆಯಲ್ಲಿ ನಿಂತಿದ್ದರೆ, ಅದರ ಫೋಟೊ ತೆಗೆದು ‘ಇದು ಯಾವ ಮರ?’ ಎಂದು ಕೇಳುವವರೂ ಇವರೇ.

ಇನ್ನು ಹೆಸರು ಗೊತ್ತಾದ ಮೇಲೆ ಬರುವ ಪ್ರಶ್ನೆಗಳದೇ ಒಂದು ಕ್ರಮ. ಅತ್ತಿಗೆಯಂದಿರದು: ‘ದೇವರಿಗೆ ಇಡಬಹುದಾ?’ ಐವತ್ತು ದಾಟಿದ ಗಂಡಸರದು: ‘ಶುಗರ್‌ಗೆ ಒಳ್ಳೇದಂತಲ್ಲ?’ ಸೈಟು ಕೊಂಡವರದು: ‘ಮನೆ ಮುಂದೆ ಹಾಕಿದರೆ ಎಷ್ಟು ವರ್ಷಕ್ಕೆ ಹೂ ಬಿಡುತ್ತೆ, ಬೇರು ಸಂಪಿಗೆ ಬರುತ್ತಾ?’ ಸಂಪು ಅಂದರೆ ನೀರಿನ ತೊಟ್ಟಿ; ಸಂಪಿಗೆಯ ಬೇರಿನ ವಿಚಾರವೆಂದು ನಾನು ಅರ್ಧ ಪುಟ ಟೈಪು ಮಾಡುವಷ್ಟರಲ್ಲಿ ಅವರು ಪ್ಲಂಬರನ್ನು ಕೇಳಿಯಾಗಿರುತ್ತದೆ. ಹೂವಿಗೆ ಎಷ್ಟು ಎಸಳು, ವಾಸನೆ ಇದೆಯೆ, ಜೇನು ಕೂರುತ್ತದೆಯೆ, ಕೇಳಿದವರನ್ನು ನಾನು ಕಂಡಿಲ್ಲ.

ತಪ್ಪು ಪೂರ್ತಿ ಇವರದೇ ಅಲ್ಲ ಬಿಡಿ. ಇದಕ್ಕೆಲ್ಲ ಮೂಲ ಜರ್ಮನಿಯಿಂದ ಬಂದ ಒಬ್ಬ ದೊರೆ. ಲಂಡನ್ನಿನ ಕ್ಯೂ ತೋಟದಲ್ಲಿ ಪಳಗಿ, ಬರೋಡದ ಗಾಯಕವಾಡರ ಬಳಿ ಇದ್ದ ಕೃಂಬಿಗಲ್ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ. ಲಾಲ್‌ಬಾಗಿನ ಮೇಲುಸ್ತುವಾರಿ ಹೊತ್ತ. ಒಂದು ರಸ್ತೆಯ ಹೂ ಉದುರುವ ಹೊತ್ತಿಗೆ ಇನ್ನೊಂದು ರಸ್ತೆಯಲ್ಲಿ ಮೊಗ್ಗು ಬಿರಿಯಬೇಕು, ವರ್ಷವಿಡೀ ಊರಿನ ಒಂದಲ್ಲ ಒಂದು ಮೂಲೆ ಹೂವಾಗಿರಬೇಕು ಎಂಬುದು ಅವನ ಲೆಕ್ಕ. ಹಾಗೆ ಮಡಗಾಸ್ಕರಿನ ಗುಲ್‌ಮೊಹರ್, ಆಫ್ರಿಕಾದ ಸ್ಪ್ಯಾಥೋಡಿಯಾ, ದಕ್ಷಿಣ ಅಮೆರಿಕದ ಜಕರಂಡಾ ಇಂಥವೆಲ್ಲ ನಮ್ಮ ಬೀದಿಗಳಲ್ಲಿ ಸಂಸಾರ ಹೂಡಿದವು. ಆಮೇಲೆ 1980ರ ದಶಕದಲ್ಲಿ ಅರಣ್ಯ ಇಲಾಖೆಯ ಎಸ್.ಜಿ. ನೇಗಿನಹಾಳರು ಬಡಾವಣೆ ಬಡಾವಣೆಗೆ ಸಸಿ ನೆಡಿಸಿದರು. ಅಜ್ಜಿಯನ್ನು ಕೇಳಿದರೆ ಗೊತ್ತಾಗಲು ಇವು ಅಜ್ಜಿಯ ಊರಿನ ಮರಗಳಲ್ಲ. ಅಜ್ಜಿಗೆ ಹೊಂಗೆ ಗೊತ್ತು, ಮುತ್ತುಗ ಗೊತ್ತು, ಹಾಲವಾಣ ಗೊತ್ತು. ಟಬೂಬಿಯಾ ಅಂದರೆ ಯಾವುದೋ ಇಂಗ್ಲಿಷ್ ಜ್ವರ ಎಂದುಕೊಂಡಾಳು.

ಟಬೂಬಿಯಾದಲ್ಲೇ ಗುಲಾಬಿ ಬಣ್ಣದ್ದರ ಕತೆ ಬೇರೆಯೇ. ಅದು ಅರಳಿತೆಂದರೆ ಪತ್ರಿಕೆಗಳಿಗೆ ಬೆಂಗಳೂರು ಜಪಾನ್ ಆಗಿಬಿಡುತ್ತದೆ, ಎಲ್ಲೆಲ್ಲೂ ‘ಚೆರ್ರಿ ಬ್ಲಾಸಮ್’. ಜನ ರೇಷ್ಮೆ ಸೀರೆಯುಟ್ಟು ಹೋಗಿ ಮರದ ಕೆಳಗೆ ತಲೆ ಎತ್ತಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ತಲೆ ಎತ್ತಿದ್ದೇ ಎಡವಟ್ಟು. ಬಗ್ಗಿ ಒಂದು ಹೂ ಹೆಕ್ಕಿದ್ದರೆ ಜಪಾನ್ ಅಲ್ಲೇ ಮುಗಿಯುತ್ತಿತ್ತು. ಚೆರ್ರಿಯ ಎಸಳು ಬಿಡಿಬಿಡಿ, ಒಂದೊಂದಾಗಿ ಹಾರಿ ಬೀಳುತ್ತವೆ. ಟಬೂಬಿಯಾದ ಹೂ ಇಡಿಯಾಗಿ ಕಳಚಿಕೊಂಡು ಬೀಳುತ್ತದೆ, ಪುಟ್ಟದೊಂದು ತುತ್ತೂರಿ. ಅಂಚು ನೆರಿಗೆ ಹಿಡಿದು ಐದು ಪಾಲಾಗಿದ್ದರೂ ಬುಡದಲ್ಲಿ ಒಂದೇ ಕೊಳವೆ. ಗಂಟಲಿನೊಳಗೆ ಹಳದಿ. ಕೊಳವೆಯನ್ನು ಉಗುರಿನಿಂದ ಉದ್ದಕ್ಕೆ ಸೀಳಿದರೆ ಒಳಗೋಡೆಗೆ ಅಂಟಿಕೊಂಡ ನಾಲ್ಕು ಕೇಸರ, ಎರಡು ಉದ್ದ, ಎರಡು ಗಿಡ್ಡ. ಸಸ್ಯಶಾಸ್ತ್ರಜ್ಞ ಲಿನೇಯಸ್ 1735ರಲ್ಲೇ ಹೀಗೆ ಕೇಸರ ಎಣಿಸಿ, ಅಳೆದು ಗಿಡಗಳನ್ನು 24 ವರ್ಗಕ್ಕೆ ಹಂಚಿಹಾಕಿದ. ಅವನ ಕಾಲದಲ್ಲಿ ಮೊಬೈಲ್ ಇರಲಿಲ್ಲ, ಹಾಗಾಗಿ ಹೂವನ್ನು ಕೈಯಲ್ಲಿ ಹಿಡಿದೇ ನೋಡಬೇಕಿತ್ತು.

ಈ ತುತ್ತೂರಿ ಗುರುತು ಹಿಡಿದರೆ ಒಂದು ಗೋತ್ರವೇ ಕೈಗೆ ಸಿಕ್ಕ ಹಾಗೆ. ನೀಲಿ ಜಕರಂಡಾ ಇವರ ಸಗೋತ್ರ. ಬೆಳಗಾದರೆ ನೆಲದ ಮೇಲೆ ಉದ್ದ ಕೊಳವೆಯ ಬಿಳಿ ಹೂ ಚೆಲ್ಲಿರುವ ಆಕಾಶಮಲ್ಲಿಗೆಯೂ ಇದೇ ಪೈಕಿ. ಹುಡುಗರು ಮೊಗ್ಗು ಹಿಚುಕಿ ಒಬ್ಬರ ಮೇಲೊಬ್ಬರು ನೀರು ಚಿಮ್ಮಿಸುವ ನೀರುಕಾಯಿ ಮರ, ಅಂದರೆ ಸ್ಪ್ಯಾಥೋಡಿಯಾ, ಅದೂ ಇವರ ದಾಯಾದಿ. ನಮ್ಮ ಕಾಡಿನ ಪಾದರಿ ಇಲ್ಲಿಯ ಬೀಗರು. ಒಂದು ಹೂ ಬಗ್ಗಿ ಹೆಕ್ಕಿದ್ದಕ್ಕೆ ಇಷ್ಟು ನಂಟಸ್ತಿಕೆ ಗೊತ್ತಾಗುತ್ತದೆ. ಆದರೆ ಬಗ್ಗುವವರು ಯಾರು? ಬೆಂಗಳೂರಿನಲ್ಲಂತೂ ಬಗ್ಗುವ ಶ್ರಮವೂ ಬೇಡ. ಹೂ, ಎಲೆ, ಕಾಯಿ, ಎಲ್ಲ ಸಾಕ್ಷ್ಯವೂ ನಿಲ್ಲಿಸಿದ ಕಾರಿನ ವೈಪರಿನಲ್ಲೇ ಸಿಕ್ಕಿಕೊಂಡಿರುತ್ತದೆ. ಮಾಲೀಕ ಅದನ್ನು ಬೈದುಕೊಂಡು ಬಿಸಾಡಿ, ಗಾಡಿ ಹತ್ತಿ, ಮುಂದಿನ ಸಿಗ್ನಲ್ಲಿನಲ್ಲಿ ಅದೇ ಜಾತಿಯ ಮರದ ಫೋಟೊ ತೆಗೆದು ನನಗೆ ಕಳಿಸುತ್ತಾನೆ.

ಹೊಂಗೆಯ ಪಾಡು ನೋಡಿ. ಯುಗಾದಿ ಹೊತ್ತಿಗೆ ಕಪ್ಪು ನೆರಳಿನ ತುಂಬ ತಿಳಿ ನೇರಳೆ-ಬಿಳಿ ಹೂ ಸುರಿಯುತ್ತದೆ, ಕೆಳಗೆ ನಿಂತರೆ ಜೇನುಹುಳುಗಳ ಸದ್ದು ಕೇಳಿಸುತ್ತದೆ. ಇಲ್ಲಿಯವರೆಗೆ ಹೊಂಗೆಯ ಒಂದು ಫೋಟೊ ಯಾರೂ ಕಳಿಸಿಲ್ಲ. ಅದರ ಲ್ಯಾಟಿನ್ ಹೆಸರನ್ನು ಪಂಡಿತರು ಪೊಂಗಾಮಿಯಾದಿಂದ ಮಿಲೆಟಿಯಾ ಮಾಡಿ, ಮತ್ತೆ ಪೊಂಗಾಮಿಯಾಕ್ಕೇ ತಂದರು. ಸಂಖ್ಯಾಶಾಸ್ತ್ರ ನಂಬಿದ ಸಿನಿಮಾ ನಟರೂ ಇಷ್ಟು ಓಡಾಡಿರಲಿಕ್ಕಿಲ್ಲ. ಹೊಂಗೆಗೆ ಈ ಸುದ್ದಿ ತಲುಪಿದಂತಿಲ್ಲ.

ಭಾವಮೈದುನನ ವಿಷಯಕ್ಕೆ ಬರೋಣ. ಅವನು ನನ್ನ ಮೇಲಿನ ನಂಬಿಕೆ ಕಳೆದುಕೊಂಡು ಗಿಡ ಗುರುತಿಸುವ ಆಪ್ ಮೊರೆಹೊಕ್ಕ. ಆ ಬಸ್ಸಿನ ಫೋಟೊ ನುಂಗಿ ಆಪ್ ಮೂರು ಉತ್ತರ ಕೊಟ್ಟಿತು: ಒಂದು ಮರ, ಒಂದು ಬಳ್ಳಿ, ಒಂದು ಅಣಬೆ. ಆಪನ್ನು ದೂರುವುದು ಅನ್ಯಾಯ. ಹತ್ತಿರದಿಂದ ತೆಗೆದ ಎಲೆ, ಹೂ ಕೊಟ್ಟರೆ ನಮ್ಮ ಗುಂಪಿಗಿಂತ ಅದು ಎಷ್ಟೋ ವಾಸಿ. ಸುಲ್ತಾನರನ್ನಂತೂ ನಡುವೆ ತರುವುದಿಲ್ಲ. ಕೊನೆಗೆ ನಾನೇ ಹೇಳಿದೆ: ‘ವಾಪಸು ಬರುವಾಗ ಅಲ್ಲಿ ಗಾಡಿ ನಿಲ್ಲಿಸು. ಮೇಲೆ ನೋಡಬೇಡ, ಕೆಳಗೆ ನೋಡು. ಬಿದ್ದದ್ದನ್ನೆಲ್ಲ ತಗೊಂಡು ಬಾ.’

ಹುಡುಗ ಮಾತು ಕೇಳುವವನು. ಭಾನುವಾರ ಸಂಜೆ ಗಂಡಹೆಂಡತಿ ಇಬ್ಬರೂ ಬಂದರು. ಮದುವೆ ಮನೆಯ ತಾಂಬೂಲದ ಚೀಲದಲ್ಲಿ ತೆಂಗಿನಕಾಯಿಯ ಜೊತೆ ಮರವೂ ಬಂದಿತ್ತು. ಕಾಯಿ ಪಕ್ಕಕ್ಕಿಟ್ಟು ಮಿಕ್ಕದ್ದನ್ನು ಪೇಪರಿನ ಮೇಲೆ ಸುರಿದೆವು. ಇಸ್ತ್ರಿ ಕಾಣದ ಬಟ್ಟೆಯಂತೆ ಸುಕ್ಕುಸುಕ್ಕಾದ ಐದು ಹಳದಿ ಎಸಳು. ತುಕ್ಕಿನ ಬಣ್ಣದ, ಮುಟ್ಟಿದರೆ ಮಖಮಲ್ಲೆನಿಸುವ ದುಂಡು ಮೊಗ್ಗು. ಕಡ್ಡಿಗೆ ಕವಲು, ಕವಲಿಗೆ ಪುಟಾಣಿ ಎಲೆಗಳ ಸಾಲು. ಎಲ್ಲಕ್ಕಿಂತ ಮಿಗಿಲಾಗಿ, ಎರಡೂ ತುದಿ ಚೂಪಾದ ಚಪ್ಪಟೆ ಕಾಯಿ, ತೊಳೆಯದ ತಾಮ್ರದ ತಂಬಿಗೆಯ ಬಣ್ಣ.

‘ಪೆಲ್ಟೊಫೋರಮ್,’ ಎಂದು ತೀರ್ಪು ಕೊಟ್ಟೆ. ‘ಹಳದಿ ಗುಲ್‌ಮೊಹರ್. ಶ್ರೀಲಂಕಾ, ಅಂಡಮಾನ್, ಮಲಯ, ಆ ಕಡೆಯದು.’

ಭಾವಮೈದುನ ಭಕ್ತಿಯಿಂದ ಕಾಯಿ ಎತ್ತಿಕೊಂಡು ಬೆಳಕಿಗೆ ಹಿಡಿದ. ಅವನ ಹೆಂಡತಿ ಅಡುಗೆಮನೆಯಿಂದ ಕಾಫಿ ಲೋಟ ಹಿಡಿದು ಬಂದವಳು ಪೇಪರಿನತ್ತ ಒಂದು ನೋಟ ಹಾಯಿಸಿದಳು.

‘ಇದಾ? ಇದು ನಮ್ಮ ಗೇಟಿನ ಮುಂದಿರೋದೇ ಅಲ್ವಾ? ದಿನಾ ಬೆಳಿಗ್ಗೆ ರಂಗೋಲಿ ಹಾಕೋಕೆ ಮುಂಚೆ ಒಂದು ಮೊರ ಗುಡಿಸಿ ಹಾಕ್ತೀನಲ್ಲಣ್ಣ. ಇದಕ್ಕೆ ಹಾಸನದವರೆಗೂ ಹೋಗಬೇಕಿತ್ತಾ?’

ಆ ಮನೆಗೆ ನಾನೂ ಹೋಗಿ ಬಂದಿದ್ದೇನೆ. ಗೇಟಿನ ಮುಂದಿನ ಮರಕ್ಕೆ ಮೊಳೆ ಹೊಡೆದು ‘ಪೇಯಿಂಗ್ ಗೆಸ್ಟ್’ ಬೋರ್ಡು ನೇತುಹಾಕಿದ್ದಾರೆ. ಭಾವಮೈದುನ ‘ಓ, ಹೌದಾ!’ ಎಂದ. ಅಂದು ಮನೆಗೆ ಹೋದವನೇ ಗೇಟಿನ ಮುಂದೆ ನಿಂತು ತಲೆ ಎತ್ತಿ ಮರ ನೋಡಿದನಂತೆ. ಆಮೇಲೆ ತಲೆ ತಗ್ಗಿಸಿ ಕಾರು ನೋಡಿದನಂತೆ.

ಸ್ವಲ್ಪ ದಿನ ಬಿಟ್ಟು ಫೋನು ಬಂತು.

‘ಭಾವ, ಮರ ಕಡಿಸೋಕೆ ಯಾರನ್ನ ಕೇಳ್ಬೇಕು? ಕಾರ್ ಮೇಲೆಲ್ಲ ಹೂ ಬಿದ್ದು ಸಾಕಾಗಿದೆ.’

‘ಹಾಗೆಲ್ಲ ಕಡಿಸೋಕಾಗಲ್ಲಪ್ಪ. 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ವೃಕ್ಷ ಅಧಿಕಾರಿಗೆ ಅರ್ಜಿ ಕೊಟ್ಟು ಅನುಮತಿ ತಗೋಬೇಕು.’

‘ಅದೇ ಬರೀತಾ ಇದೀನಿ ಭಾವ,’ ಎಂದ. ‘ಯಾವ ಮರ ಅಂತ ಬರೀಬೇಕಲ್ಲ, ಅವತ್ತು ಏನೋ ಹೆಸರು ಹೇಳಿದ್ರಿ?’