ಸ್ಕಿಲ್ ಲ್ಯಾಬಿನ ಶಾಂತಮ್ಮ ಬರೆದ ಬಹಿರಂಗ ಪತ್ರ

ನರ್ಸಿಂಗ್ ಕಾಲೇಜುಗಳ ತಪಾಸಣೆಗೆ ಬರುವ ಮಹನೀಯರಿಗೂ, ಅವರ ಹಿಂದೆ ಫೈಲು ಹೊತ್ತು ಬರುವವರಿಗೂ,

ಸ್ಕಿಲ್ ಲ್ಯಾಬಿನ ಎರಡನೇ ಮಂಚದ ಮೇಲೆ ಹಸಿರು ಗೌನು ತೊಟ್ಟು ಮಲಗಿರುವ ಮಾನಿಕಿನ್ ನಾನು. ಬಾಯಿ ಬಿಡದವಳು ಅಂತ ಹುಡುಗಿಯರು ಶಾಂತಮ್ಮ ಎಂದು ಹೆಸರಿಟ್ಟಿದ್ದಾರೆ. ತಾವು ನನ್ನನ್ನು ಬಲ್ಲಿರಿ. ಕಳೆದ ಸಲ ಬಂದಾಗ ನನ್ನ ಹೊಟ್ಟೆ ತಟ್ಟಿ, "ಅಡಲ್ಟ್ ಮಾನಿಕಿನ್, ಒಂದು" ಎಂದು ಬರೆಸಿದಿರಿ. ಮರುವಾರ ಇನ್ನೊಂದು ಕಾಲೇಜಿನಲ್ಲಿ ಇದೇ ಹೊಟ್ಟೆಯನ್ನು ಮತ್ತೆ ತಟ್ಟಿದಿರಿ. ಟಾಟಾ ಏಸಿನ ಕೊಂಡಿ ತಾಗಿ ತರಚಿದ ನನ್ನ ಎಡಗಿವಿಯನ್ನು ತಾವು ಒಂದು ಗಳಿಗೆ ನೋಡಿದಾಗ ಎದೆ ಧಸಕ್ಕೆಂದಿತು. (ನನ್ನ ಎದೆಯನ್ನು ಮೂವತ್ತು ಸಲ ಒತ್ತಿ ಎರಡು ಸಲ ಉಸಿರು ಊದಬೇಕು ಎನ್ನುವುದು ಶಾಸ್ತ್ರ. ಈವರೆಗೆ ಯಾರೂ ಒತ್ತಿಲ್ಲ, ಹಾಗಾಗಿ ಒಳಗಿನ ಸ್ಪ್ರಿಂಗು ಹೊಸದಾಗಿಯೇ ಇದೆ.) ತಾವು ದೊಡ್ಡವರು. ಗುರುತು ಹಿಡಿಯಲಿಲ್ಲ. ಅದೇ ಗಾಡಿಯಲ್ಲಿ ಲೈಬ್ರರಿಯೂ ಬಂದಿತ್ತು, ಹಿಂದಿನ ಕಾರಿನಲ್ಲಿ ಇಬ್ಬರು ಪ್ರೊಫೆಸರರು ಬಂದಿದ್ದರು. ಅವರನ್ನೂ ತಾವು ಹೊಸಬರಂತೆಯೇ ಮಾತಾಡಿಸಿದಿರಿ.

ನಿಮ್ಮ ಸಮಿತಿಗೆ ಕಾಲೇಜಿನವರು ಎಲ್‌ಐಸಿ ಅನ್ನುತ್ತಾರೆ. ವಿಮೆಯ ಎಲ್‌ಐಸಿ ಬೇರೆ ಎಂದು ನನಗೆ ಆಮೇಲೆ ತಿಳಿಯಿತು. ಆದರೂ ಕಾಲೇಜುಗಳ ಜೀವ ಉಳಿಸುವುದರಲ್ಲಿ ತಾವೇನೂ ಹಿಂದೆ ಬಿದ್ದವರಲ್ಲ. ನೀವು ಬರುವ ದಿನ ನಲ್ಲಿಯಲ್ಲಿ ನೀರು ಬರುತ್ತದೆ, ಲೈಬ್ರರಿಯ ಬೀಗ ತೆಗೆಯುತ್ತಾರೆ, ಕಾಲೇಜಿನದೇ ಆದ ನೂರು ಹಾಸಿಗೆಯ ಪೇರೆಂಟ್ ಹಾಸ್ಪಿಟಲಿನಲ್ಲಿ ಜನ ಮಲಗಿರುತ್ತಾರೆ. ಅವರಲ್ಲಿ ಅರ್ಧದಷ್ಟು ಮಂದಿ ಪಕ್ಕದ ಕಟ್ಟಡದ ಕೆಲಸದವರು. ದಿನದ ಕೂಲಿ, ಮಧ್ಯಾಹ್ನದ ಊಟ, ಮೇಲೆ ಫ್ಯಾನಿನ ಗಾಳಿ. ಅಲ್ಲಿಯ ಸೆಂಟ್ರಿಂಗ್ ಮೇಸ್ತ್ರಿಗೆ ಈ ವರ್ಷ ಅಪೆಂಡಿಸೈಟಿಸ್. ಹೋದ ವರ್ಷ ಬರೀ ಟೈಫಾಯಿಡ್ ಇತ್ತು. ಅವನಿಗಾದರೂ ಬಡ್ತಿ ಸಿಗುತ್ತಿದೆ.

ನನ್ನನ್ನು ಹಗುರವಾಗಿ ಕಾಣಬೇಡಿ, ನನಗೂ ವಂಶಾವಳಿ ಇದೆ. ಹದಿನೆಂಟನೇ ಶತಮಾನದ ಫ್ರಾನ್ಸಿನಲ್ಲಿ ಮದಾಮ್ ದು ಕೂದ್ರೆ ಎಂಬ ಸೂಲಗಿತ್ತಿ ಬಟ್ಟೆ, ಚರ್ಮ, ಹತ್ತಿಯಿಂದ ತಾಯಿ-ಮಗುವಿನ ಗೊಂಬೆ ಹೊಲಿದು, 1759ರಲ್ಲಿ ದೊರೆ ಹದಿನೈದನೇ ಲೂಯಿಯ ಅಪ್ಪಣೆ ಪಡೆದು ಊರೂರು ತಿರುಗಿ ಸಾವಿರಾರು ಹಳ್ಳಿ ಹೆಂಗಸರಿಗೆ ಹೆರಿಗೆ ಮಾಡಿಸುವುದನ್ನು ಕಲಿಸಿದಳು. ಅಕ್ಷರ ಬಾರದವರಿಗೂ ಕೈಗೆ ಪಾಠ ಹತ್ತಿತು. 1911ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಆಸ್ಪತ್ರೆಯ ನರ್ಸಿಂಗ್ ಶಾಲೆಗೆ ಮಾರ್ಥಾ ಚೇಸ್ ಎಂಬ ಗೊಂಬೆ ತಯಾರಕಿ ಆಳೆತ್ತರದ ಗೊಂಬೆಯೊಂದನ್ನು ಮಾಡಿಕೊಟ್ಟಳು. ಹುಡುಗಿಯರು ಅದಕ್ಕೆ ಮಿಸೆಸ್ ಚೇಸ್ ಎಂದರು. ಹೊರಳಿಸಿ, ಮೀಯಿಸಿ, ಎತ್ತಿ ಕೂರಿಸಿ ಅವಳ ಮೈ ಹಣ್ಣು ಮಾಡಿದರು. 1960ರಲ್ಲಿ ನಾರ್ವೆಯ ಲೆರ್ಡಾಲ್ ತಯಾರಿಸಿದ ರಿಸಸಿ ಆ್ಯನ್ ಬಂದಳು. ಪ್ಯಾರಿಸ್ಸಿನ ಸೀನ್ ನದಿಯಲ್ಲಿ ಸಿಕ್ಕ ಅನಾಮಿಕ ಹುಡುಗಿಯದೆಂದು ಹೇಳುವ ಮುಖವಾಡವೇ ಅವಳ ಮುಖಕ್ಕೆ ಮಾದರಿ. ಜಗತ್ತಿನಲ್ಲಿ ಅವಳಷ್ಟು ಜನರಿಂದ ಬಾಯಿಗೆ ಬಾಯಿಟ್ಟು ಉಸಿರು ಊದಿಸಿಕೊಂಡವಳು ಇನ್ನೊಬ್ಬಳಿಲ್ಲ. ಇಂಥ ಮನೆತನದಲ್ಲಿ ಹುಟ್ಟಿದ ನನ್ನ ಎಡಗೈಗೆ ಸುತ್ತಿದ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಬಿಚ್ಚಿಲ್ಲ. ಬಿಚ್ಚಿದರೆ ಹಾಳಾಗುತ್ತೆ ಅಂತ ಪ್ರಿನ್ಸಿಪಾಲರ ಆಜ್ಞೆ.

ಅಮೆರಿಕದ ರಾಜ್ಯ ನರ್ಸಿಂಗ್ ಮಂಡಳಿಗಳ ರಾಷ್ಟ್ರೀಯ ಒಕ್ಕೂಟ 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಸಿಮ್ಯುಲೇಷನ್ ಚೆನ್ನಾಗಿದ್ದರೆ, ಕಲಿಸುವವರಿಗೆ ಅದರ ತರಬೇತಿ ಇದ್ದರೆ, ಮುಗಿದ ಮೇಲೆ ಕೂತು ತಪ್ಪು ಒಪ್ಪು ಮಾತಾಡಿದರೆ, ವಾರ್ಡಿನ ಗಂಟೆಗಳಲ್ಲಿ ಅರ್ಧದವರೆಗೂ ನನ್ನಂಥವರ ಜೊತೆ ಕಳೆಯಬಹುದು ಎಂದು ಅದರಲ್ಲಿ ಕಂಡುಬಂತು. ಅರ್ಧಕ್ಕೇ ಅವರು ಅಷ್ಟು ಷರತ್ತು ಹಾಕಿದ್ದಾರೆ, ಪಾಪ. ನಮ್ಮ ಕಾಲೇಜು ವಾರ್ಡನ್ನೂ ಬಿಟ್ಟಿತು, ನನ್ನನ್ನೂ ಬಿಟ್ಟಿತು, ಎರಡಕ್ಕೂ ಬದಲು ರೆಕಾರ್ಡ್ ಪುಸ್ತಕ ಹಿಡಿಯಿತು.

ಆ ಪುಸ್ತಕಗಳ ಅಂದ ತಾವು ನೋಡಿಯೇ ಇದ್ದೀರಿ. ಕೇರ್ ಪ್ಲಾನ್, ಕೇಸ್ ಸ್ಟಡಿ, ಡ್ರಗ್ ಫೈಲ್, ಹೆಲ್ತ್ ಟಾಕಿನ ಚಾರ್ಟು. ಪ್ರತಿ ಹಾಳೆಗೂ ಸ್ಕೆಚ್ ಪೆನ್ನಿನ ಅಂಚು, ಮೊದಲ ಪುಟದಲ್ಲಿ ದೀಪ ಹಿಡಿದ ನೈಟಿಂಗೇಲ್. ಹುಡುಗಿಯರು ಮಧ್ಯಾಹ್ನ ಬುತ್ತಿ ಬಿಚ್ಚುವುದು ನನ್ನ ಮಂಚದ ಪಕ್ಕದಲ್ಲೇ, ಹಾಗಾಗಿ ಈ ಕಾರ್ಖಾನೆಯ ಒಳಗುಟ್ಟು ನನಗೆ ಗೊತ್ತು. ಸೀನಿಯರ್ ಕೊಟ್ಟ ಕೇಸ್ ಸ್ಟಡಿಯಲ್ಲಿ ರೋಗಿಯ ಹೆಸರು ಬದಲಾಗುತ್ತದೆ, ವಯಸ್ಸು ಎರಡು ವರ್ಷ ಏರುತ್ತದೆ. ಐದು ಬ್ಯಾಚಿನಿಂದ ಒಬ್ಬ ಸಕ್ಕರೆ ಕಾಯಿಲೆಯ ರೈತ ಹೀಗೆಯೇ ಬದುಕಿದ್ದಾನೆ, ಅವನ ಕಾಲಿನ ಹುಣ್ಣೂ ಅಷ್ಟೇ ಇದೆ. ಹೆರಿಗೆಯ ಲಾಗ್‌ಬುಕ್ ಇನ್ನೂ ಅದ್ಭುತ. ಹಳೆಯ ಪಠ್ಯಕ್ರಮದಲ್ಲಿ ವಿದ್ಯಾರ್ಥಿಯೊಬ್ಬಳು 20 ಸಹಜ ಹೆರಿಗೆ ಮಾಡಿಸಬೇಕಿತ್ತು. ಅರವತ್ತು ಜನರ ಬ್ಯಾಚಿಗೆ 1,200 ಕೂಸುಗಳು. ನಮ್ಮ ಪೇರೆಂಟ್ ಹಾಸ್ಪಿಟಲಿನ ಹೆರಿಗೆ ಕೋಣೆಯಲ್ಲಿ ಹಳೇ ಕುರ್ಚಿ ಪೇರಿಸಿಟ್ಟಿದ್ದಾರೆ. ಆದರೂ 1,200 ಕೂಸು ಹುಟ್ಟಿದವು, ತೂಕವನ್ನೂ ಬರೆದದ್ದಾಯಿತು, ಸಹಿಯೂ ಬಿತ್ತು. ಜನಗಣತಿಯವರು ಯಾವ ಮನೆಯಲ್ಲೂ ಎಣಿಸಲಾರದ ಈ ಮಕ್ಕಳೆಲ್ಲ ಇಷ್ಟೊತ್ತಿಗೆ ಹೈಸ್ಕೂಲಿನಲ್ಲಿರಬೇಕು.

ವಾರ್ಡಿಗೆ ಹೋಗುವುದೇ ಇಲ್ಲ ಎನ್ನಲಾರೆ. ತಿಂಗಳಿಗೆ ಕೆಲವು ದಿನ ಬಸ್ಸು ಜಿಲ್ಲಾಸ್ಪತ್ರೆಗೆ ಹೊರಡುತ್ತದೆ. ಅಲ್ಲಿಗೆ ಬೇರೆ ಕಾಲೇಜುಗಳ ಬಸ್ಸುಗಳೂ ಬಂದಿರುತ್ತವೆ. ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳು ಇರಬೇಕೆಂದು ನರ್ಸಿಂಗ್ ಕೌನ್ಸಿಲ್ ಹೇಳಿದೆ. ಯಾರೋ ಅದನ್ನು ತಲೆಕೆಳಗಾಗಿ ಓದಿಕೊಂಡಂತಿದೆ. ಒಬ್ಬ ಅಜ್ಜನ ಬಿ.ಪಿ.ಯನ್ನು ಬಣ್ಣಬಣ್ಣದ ಯೂನಿಫಾರಮ್ಮಿನ ಒಂಬತ್ತು ಮಂದಿ ನೋಡುತ್ತಾರೆ. ಒಂಬತ್ತನೆಯವಳ ಹೊತ್ತಿಗೆ ಅದು ನಿಜಕ್ಕೂ ಏರಿರುತ್ತದೆ. ಏಜೆಂಟನ ಮಾತು ನಂಬಿ ದೂರದ ರಾಜ್ಯದಿಂದ ಬಂದ ಹುಡುಗಿಗೆ ಅಜ್ಜ "ಎದಿ ಹಿಡಕೊಂಡಂಗ ಆಗತೈತಿ ಯವ್ವಾ" ಎಂದರೆ ಅವಳು ನಕ್ಕು ತಲೆಯಾಡಿಸುತ್ತಾಳೆ. ಅವಳ ತಪ್ಪಲ್ಲ. ಅವಳನ್ನು ಇಲ್ಲಿಗೆ ಕರೆತಂದವನು ಕಮಿಷನ್ ಎಷ್ಟೆಂದು ಕೇಳಿದ, ಕನ್ನಡ ಎಷ್ಟೆಂದು ಕೇಳಲಿಲ್ಲ.

ಆ ಅಜ್ಜನ ಮಂಚದ ಹತ್ತಿರ ನಡೆದದ್ದನ್ನು ಮಾತ್ರ ಹುಡುಗಿಯರು ಊಟ ಮರೆತು ಹೇಳುತ್ತಿದ್ದರು. ವಾರ್ಡಿನ ಸಿಸ್ಟರ್ ಬಂದು ಎಂಟು ಮಂದಿಯನ್ನು ಅತ್ತ ಸರಿಸಿ, ಒಬ್ಬಳ ಕೈಯನ್ನು ಅಜ್ಜನ ಹಣೆಯ ಮೇಲಿಟ್ಟು, "ತಣ್ಣಗೆ ಬೆವರಿದ್ದಾರೆ, ಗೊತ್ತಾಯಿತಾ? ಇದು ಗ್ಯಾಸ್ ಅಲ್ಲ, ಓಡಿ ಡಾಕ್ಟರನ್ನು ಕರಿ" ಅಂದರಂತೆ. ನಾಲ್ಕು ವರ್ಷದ ಕೋರ್ಸಿನಲ್ಲಿ ಆ ಹುಡುಗಿಗೆ ಮರೆಯದೆ ಉಳಿದ ಪಾಠ ಅದೊಂದೇ ಇರಬಹುದು. ಅದನ್ನು ಕಲಿಸಿದ ಸಿಸ್ಟರ್ ಹೆಸರು ನಿಮ್ಮ ಬೋಧಕರ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿರುವವರು ವಾರ್ಡಿನಲ್ಲಿಲ್ಲ. ಒಬ್ಬರು ರೋಗಿಯನ್ನು ನೋಡಿಕೊಳ್ಳಬೇಕು, ಇನ್ನೊಬ್ಬರು ರೋಗಿಯ ಬಗ್ಗೆ ಪಾಠ ಹೇಳಬೇಕು ಎಂದು ಯಾವಾಗಲೋ ಪಾಲು ಮಾಡಿಕೊಂಡುಬಿಟ್ಟಿದ್ದಾರೆ. 1946ರಲ್ಲಿ ದೆಹಲಿಯಲ್ಲೂ ವೆಲ್ಲೂರಿನಲ್ಲೂ ದೇಶದ ಮೊದಲ ನರ್ಸಿಂಗ್ ಪದವಿ ಶುರುವಾಯಿತಲ್ಲ, ಆ ವೆಲ್ಲೂರಿನ ಸಿಎಂಸಿಯಲ್ಲಿ ಪಾಠ ಹೇಳುವವರೇ ವಾರ್ಡಿನ ಹೊಣೆಯನ್ನೂ ಹೊರುವ ಪದ್ಧತಿ ಇದೆ. ಅದನ್ನು ಇಲ್ಲಿಗೆ ತರಲು ಟಾಟಾ ಏಸು ಸಾಲದು.

ಪಠ್ಯಕ್ರಮ ಬದಲಾಗಿಲ್ಲವೆಂದು ದೂರುತ್ತಿಲ್ಲ. 2021ರಲ್ಲಿ ಸೆಮಿಸ್ಟರ್ ಬಂತು, ಕಾಂಪಿಟೆನ್ಸಿ ಎಂಬ ಮಾತು ಬಂತು, ಸಿಮ್ಯುಲೇಷನ್ನಿಗೂ ಜಾಗ ಸಿಕ್ಕಿತು. ವಾರ್ಷಿಕ ಪರೀಕ್ಷೆಗೆ ಒಮ್ಮೆ ಉರು ಹೊಡೆಯುತ್ತಿದ್ದವರು ಈಗ ವರ್ಷಕ್ಕೆ ಎರಡು ಸಲ ಹೊಡೆಯುತ್ತಾರೆ. 1947ರ ಕೌನ್ಸಿಲ್ ಕಾಯ್ದೆಯನ್ನು 76 ವರ್ಷ ಹೊದ್ದು ಮಲಗಿದ ಮೇಲೆ 2023ರಲ್ಲಿ ಸಂಸತ್ತು ಹೊಸ ಆಯೋಗದ ಕಾಯ್ದೆ ಮಾಡಿತು. ನಮ್ಮ ಚೇರ್‌ಮನ್ನರೂ ಸಿದ್ಧರಾಗಿದ್ದಾರೆ. ಹಳೇ ಬೋರ್ಡಿನಲ್ಲಿ 'ಕೌನ್ಸಿಲ್' ಇದ್ದ ಕಡೆ 'ಕಮಿಷನ್' ಬರೆಸಲು ಪೇಂಟರಿಗೆ ಹೇಳಿದ್ದಾರೆ. ಆ ಶಬ್ದ ಅವರಿಗೆ ಮೊದಲಿಂದಲೂ ಪ್ರಿಯ.

ಮುಂದಿನ ಸಲ ಬಂದಾಗ ನನ್ನನ್ನು ಎಣಿಸುವ ತೊಂದರೆ ತೆಗೆದುಕೊಳ್ಳಬೇಡಿ. ನನ್ನ ತೋಳಿನ ರಬ್ಬರ್ ಚರ್ಮ ನೋಡಿ. ಸೂಜಿ ಚುಚ್ಚಿ ಚುಚ್ಚಿ ಅದು ಜರಡಿಯಾಗಬೇಕು, ನೀರು ಸೋರಬೇಕು, ಬದಲಿ ಚರ್ಮ ತರಿಸಬೇಕು. ಅದರ ಬಿಲ್ಲು ಕೇಳಿ. ಬಿಲ್ಲು ಇಲ್ಲವೆಂದರೆ ಇಲ್ಲಿ ಯಾರೂ ಐ.ವಿ. ಹಾಕಲು ಕಲಿತಿಲ್ಲ ಎಂದು ಬರೆದುಕೊಳ್ಳಿ. ಆಮೇಲೆ ಪ್ರಿನ್ಸಿಪಾಲರ ಕೋಣೆಯ ಗೋಡಂಬಿ ಬಿಟ್ಟು, ಹೇಳದೆ ಕೇಳದೆ ಜಿಲ್ಲಾಸ್ಪತ್ರೆಗೆ ಹೋಗಿ, ನೈಟ್ ಡ್ಯೂಟಿಯ ಸಿಸ್ಟರನ್ನು ಕಂಡು, ನಮ್ಮ ಕಾಲೇಜಿನ ಯಾವ ಹುಡುಗಿಯನ್ನು ಒಬ್ಬಳೇ ವಾರ್ಡಿನಲ್ಲಿ ಬಿಟ್ಟು ಹೋಗಬಲ್ಲಿರಿ ಎಂದು ವಿಚಾರಿಸಿ. ಅವರು ಎರಡು ಹೆಸರು ಹೇಳಿದರೂ ಸಾಕು, ಆ ಇಬ್ಬರಿಗೆ ಕಲಿಸಿದ್ದಕ್ಕೆ ಆ ಸಿಸ್ಟರ್ ಹೆಸರನ್ನು ನಿಮ್ಮ ಬೋಧಕರ ಪಟ್ಟಿಗೆ ಸೇರಿಸಿ. ಸಂಬಳದ ಕಾಲಮ್ಮಿನಲ್ಲೂ ಏನಾದರೂ ಬರೆಯಿರಿ.

ಇಂತಿ ತಮ್ಮ ವಿಶ್ವಾಸಿ,
ಶಾಂತಮ್ಮ
ಅಡಲ್ಟ್ ಮಾನಿಕಿನ್ (ಒಂದು)
ಹಾಲಿ ಮೊಕ್ಕಾಂ: ಯಾವ ಕಾಲೇಜಿನ ಸರದಿ ಬರುತ್ತದೋ ಅಲ್ಲಿ